ಇಬ್ಬರಿಗೂ ಬೇಡವಾದ ಎರಡು ಮಾರು ಗೋಡೆ

ಮೊನ್ನೆ ಕೊಪ್ಪಳದ ಭಾಗ್ಯನಗರದ ನಮ್ಮ ಓಣಿಯಲ್ಲಿ ಹಿಂದಿನ ಮನೆಯವರು ದನದ ಕೊಟ್ಟಿಗೆಯ ಗೋಡೆ ಮೆತ್ತಲು ಮಣ್ಣು ಕಲಸಿಟ್ಟಿದ್ದರು. ಹೊಟ್ಟು ಹಾಕಿ, ನೀರು ಹೊಯ್ದು, ಕೊಳೆಯಲು ಬಿಟ್ಟ ಮಣ್ಣು. ಅದರ ವಾಸನೆ ಬಲ್ಲವರಿಗೇ ಗೊತ್ತು. ನನ್ನ ಸೊಸೆ ಮೂಗಿಗೆ ಸೆರಗು ಹಿಡಿದು, "ಏನ್ ಗಬ್ಬ ನಾರತೈತ್ರಿ ಅತ್ತಿ! ಅವ್ರಿಗೆ ಒಂದ್ ಮಾತು ಹೇಳಬಾರದೇನ್ರಿ?" ಅಂದಳು. "ನಾರಿದ್ರ ನಾರ್ಲಿ ಬಿಡವ್ವಾ. ಅವರ ಗ್ವಾಡಿ ಅವರು ಮೆತ್ತಾಕತ್ಯಾರಲ್ಲ, ಅದೇ ನಮ್ಮ ಪುಣ್ಯೆ" ಅಂದೆ. ಆಕೆಗೆ ನನ್ನ ಮಾತು ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಎರಡು ಮಾರು ಗೋಡೆ ಮೆತ್ತಲಾರದೆ ತಿಂಗಳುಗಟ್ಟಲೆ ನನ್ನ ಜೀವ ತಿಂದ ಇಬ್ಬರು ಹಿರಿಯರನ್ನು ಆಕೆ ಕಂಡವಳಲ್ಲ.

ನನ್ನ ತವರು ಕುಷ್ಟಗಿ. ಕೊಟ್ಟದ್ದು ಯಲಬುರ್ಗಾ ಸೀಮೆಯ ಒಂದು ಊರಿಗೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಯವರು ಇವತ್ತಿಗೂ ಬಸ್ಸು ಹತ್ತಿ ಬಂದು, ಆ ಎರಡು ಮಾರು ಯಾರದೆಂದು ನನ್ನ ಪಡಸಾಲೆಯಲ್ಲೇ ಕೂತು ವಾದಕ್ಕಿಳಿಯುತ್ತಾರೆ. ಅವರಿಗೆ ಚಹಾ ಮಾಡಿಕೊಡುವ ತ್ರಾಣ ನನಗಿಲ್ಲ.

ಅದು ದೊಡ್ಡ ಲಡಾಯಿ ನಡೆದಿದ್ದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಅರಿವೆ ಸಿಗುತ್ತಿರಲಿಲ್ಲ. ನಾನು ಮದುವೆಯಾಗಿ ಹೋದ ಹೊಸತು. ಬಂಗಾರ ಹಾಕುವ ಶಕ್ತಿ ನಮ್ಮಪ್ಪನಿಗಿರಲಿಲ್ಲ. ಬಳುವಳಿಯೆಂದು ಎರಡು ಹೋರಿ ಕೊಟ್ಟು ಕಳಿಸಿದ್ದ. ಕೆಂಚ ಮತ್ತು ಸಾರಂಗ. ಎರಡನ್ನೂ ಕರು ಇದ್ದಾಗಿನಿಂದ ಸಾಕಿದವಳು ನಾನು. ಸಾರಂಗನ ತಾಯಿ ಈದ ಮೇಲೆ ಉಳಿಯಲಿಲ್ಲ. ಬಟ್ಟೆಯನ್ನು ಹಾಲಿನಲ್ಲಿ ಅದ್ದಿ ಅದ್ದಿ ಅದರ ಬಾಯಿಗಿಟ್ಟು ಬದುಕಿಸಿದ್ದೆ. ಕೆಂಚ ಒರಟ, ಒಂದು ಸಲ ಬೇಲಿ ನುಗ್ಗಿ ಎಡಗಿವಿ ಹರಿದುಕೊಂಡಿದ್ದ. ಗಂಡನ ಮನೆಯಲ್ಲಿದ್ದ ಹಳೆಯ ಜೋಡಿಯಲ್ಲಿ ಒಂದು ಎತ್ತು ಸತ್ತು, ಇನ್ನೊಂದು ಏಳಲಾರದೆ ಮಲಗಿತ್ತು. ಆ ವರ್ಷದ ಬಿತ್ತನೆಗೆ ನನ್ನ ಹೋರಿಗಳ ಮೇಲೇ ನೊಗ ಇಡಬೇಕಿತ್ತು. ಇನ್ನೂ ಹೆಸರು ಹಿಡಿದು ಕರೆಯುವವರಿಲ್ಲದ ಆ ಮನೆಯಲ್ಲಿ ನನ್ನ ಧ್ವನಿ ಕೇಳಿ ತಲೆಯೆತ್ತುವ ಜೀವ ಅಂದರೆ ಅವೆರಡೇ. ನನ್ನ ಆಸ್ತಿ ಅವು, ನನ್ನ ತವರು ಅವು, ನನ್ನ ಪ್ರಾಣವೂ ಅವೇ.

ಊರಿನ ಸುತ್ತ ಗೋಡೆಯಿತ್ತು. ಕೊಪ್ಪಳದ ಗುಡ್ಡದ ಮೇಲಿನ ಕೋಟೆಯಂತೆ ಕಲ್ಲಿನದಲ್ಲ, ಬರೀ ಮಣ್ಣಿನದು. ಬುಡದಲ್ಲಿ ಚಕ್ಕಡಿ ಅಡ್ಡ ನಿಲ್ಲುವಷ್ಟು ದಪ್ಪ, ತುದಿಗೆ ಒಬ್ಬ ಮನುಷ್ಯ ಕೂಡುವಷ್ಟು ಅಗಲ. ನೆತ್ತಿಯ ಮೇಲೆ ಜಾಲಿಮುಳ್ಳು ಹೊದಿಸಿ, ಹಾರಿಹೋಗದಂತೆ ಹೆಂಟೆ ಹೇರುತ್ತಿದ್ದರು. ಗೋಡೆಗೆಂದು ಮಣ್ಣು ತೆಗೆದ ಜಾಗವೇ ಹೊರಗೆ ಕಂದಕವಾಗಿತ್ತು. ಒಂದು ಮೂಲೆಯಲ್ಲಿ ಹುಡೇವು, ಅಂದರೆ ದುಂಡನೆಯ ಬುರುಜು. ಹಿಂದೆ ದಂಡು ದಾಳಿಗಳು ಬರುತ್ತಿದ್ದ ಕಾಲದಲ್ಲಿ ಕಟ್ಟಿದ್ದಂತೆ. ನನ್ನ ಕಾಲಕ್ಕೆ ಯಾವ ದಂಡೂ ಇರಲಿಲ್ಲ. ಹಾಗಾದರೆ ವರ್ಷಾ ವರ್ಷಾ ಅದಕ್ಕೆ ಮಣ್ಣು ಮೆತ್ತುವುದು ಯಾಕೆಂದು ಅಗಸಿ, ಅಂದರೆ ಊರಬಾಗಿಲು ಕಾಯುವ ಹುಸೇನಸಾಬನನ್ನು ಕೇಳಿದೆ. "ಕಳ್ಳರು ಗ್ವಾಡಿ ಹತ್ತಿ ಬರಾಂಗಿಲ್ಲೇನು?"

ಹುಸೇನಸಾಬ ನಕ್ಕುಬಿಟ್ಟ. "ಕಳ್ಳ ಹತ್ಲಿ ಬಿಡ ಯವ್ವಾ, ಕಳ್ಳ ಹತ್ತಿದ್ರ ನಮಗೇನಾತು? ಎತ್ತು ಹತ್ತತೈತೇನು?"

ಅಷ್ಟೇ ನೋಡಿ ಆ ಗೋಡೆಯ ಗುಟ್ಟು. ಅದು ಮನುಷ್ಯರನ್ನು ಒಳಗೆ ಬಿಡದಿರಲು ಇದ್ದದ್ದಲ್ಲ, ದನವನ್ನು ಹೊರಗೆ ಬಿಡದಿರಲು ಇದ್ದದ್ದು. ನಮ್ಮ ನವಾಬರ ಮೊಗಲಾಯಿ ಸೀಮೆ ಮುಗಿದು ಇಂಗ್ರೇಜಿ ಸೀಮೆ ಶುರುವಾಗುವ ಗಡಿ ಹತ್ತಿರದಲ್ಲೇ ಇತ್ತು. ಗಡಿ ದಾಟಿದ ಎತ್ತು ಗದಗಿನ ಕಡೆಯ ಯಾವುದೋ ಸಂತೆಯಲ್ಲಿ ಮಾರಿಹೋಗುತ್ತಿತ್ತು. ಈಚೆಯ ಪೊಲೀಸರು ಆಚೆ ಹೋಗುವಂತಿಲ್ಲ, ಆಚೆಯವರು ಈಚೆ ಬರುವಂತಿಲ್ಲ. ಗೋಡೆ ಗಟ್ಟಿಯಿದ್ದರೆ ಎತ್ತು ಉಳಿಯಿತು, ಇಲ್ಲದಿದ್ದರೆ ಹೋಯಿತು.

ಇಂಥ ಗೋಡೆಯನ್ನು ಹಿಂದಿನವರು ಮನೆಗೊಂದು ಪಾಲಿನಂತೆ ಹಂಚಿಕೊಟ್ಟಿದ್ದರು. ಯುಗಾದಿ ಮುಗಿದ ಮೇಲೆ, ಮೃಗಶಿರಾ ಮಳೆ ಬೀಳುವುದಕ್ಕೆ ಮುಂಚೆ, ಅವರವರ ಪಾಲಿನ ಗೋಡೆಯನ್ನು ಅವರವರು ಮೆತ್ತಬೇಕು, ಬಿದ್ದಿದ್ದರೆ ಎತ್ತಬೇಕು. ಅದಕ್ಕೊಂದು ಕಟ್ಟಳೆ: ಯಾವ ಮನೆಯವರು ಯಾವ ಜಾಗಕ್ಕೆ ಮಣ್ಣು ಹಾಕಿದರೋ ಆ ಜಾಗ ಅವರ ಪಾಲಿಗೆ ಸೇರಿತು. ಮುಂದೆ ಮಕ್ಕಳು ಮೊಮ್ಮಕ್ಕಳ ತನಕ ಅವರೇ ಅದನ್ನು ನೋಡಿಕೊಳ್ಳಬೇಕು.

ನಮ್ಮ ಮಾವ ಶಂಕ್ರಪ್ಪ. ಅವರ ಚಿಕ್ಕಪ್ಪನ ಮಗ ನಿಂಗಪ್ಪ, ನನಗೆ ಸಣ್ಣ ಮಾವ. ಇಬ್ಬರ ಮನೆಗಳು ಅಕ್ಕಪಕ್ಕ, ಗೋಡೆಯ ಪಾಲುಗಳೂ ಅಕ್ಕಪಕ್ಕ. ಅವರಪ್ಪಂದಿರು ಬೇರೆಯಾದಾಗ ಹೊಲ ಹಂಚಿದರು, ಕಾಳಿನ ಹಗೇವು ಹಂಚಿದರು, ಒಂದು ಒರಳುಕಲ್ಲಿಗೂ ಜಗಳಾಡಿ ಹಂಚಿಕೊಂಡರು. ಗೋಡೆ ಹಂಚುವಾಗ ಮಾತ್ರ ನಡುವಿನ ಎರಡು ಮಾರು ಯಾರ ಕಡೆಗೆಂದು ಹೇಳುವುದನ್ನು ಮರೆತರು. ನಿಂತಿದ್ದಷ್ಟು ದಿನ ಅದನ್ನು ಕೇಳಿದವರಿಲ್ಲ. ನಾನು ಹೋಗುವ ಹಿಂದಿನ ವರ್ಷ ಹಸ್ತ ಮಳೆಗೆ ಅದು ಧೊಪ್ಪನೆ ಕುಸಿದುಬಿತ್ತು. ಅವತ್ತಿನಿಂದ ಶುರು.

ಜಗತ್ತಿನಲ್ಲಿ ದೊಡ್ಡ ದೊಡ್ಡ ರಾಜ್ಯಗಳು 'ನಂದು ನಂದು' ಎಂದು ಬಡಿದಾಡಿ ಸಾಯುತ್ತಿದ್ದ ಕಾಲದಲ್ಲಿ ನಮ್ಮ ಮನೆಯ ಹಿರಿಯರಿಬ್ಬರು 'ನಿಂದು ನಿಂದು' ಎಂದು ಬಡಿದಾಡುತ್ತಿದ್ದರು. ಇಂಥ ಜಗಳ ನಾನು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಯುಗಾದಿ ಆಯಿತು. ಊರೆಲ್ಲ ಕಂದಕಕ್ಕಿಳಿದು ಮಣ್ಣು ತುಳಿಯಿತು. ನಮ್ಮ ಮಾವ ತಮ್ಮ ಪಾಲನ್ನು ಚೆಂದವಾಗಿ, ಕೈಯಿಂದ ಸವರಿ ಸವರಿ ಮೆತ್ತಿಕೊಂಡು ಬಂದು, ಬಿದ್ದ ಜಾಗದ ಅಂಚಿಗೆ ಗಕ್ಕನೆ ನಿಂತರು. ಆ ಕಡೆಯಿಂದ ಸಣ್ಣ ಮಾವನೂ ಹಾಗೇ ಬಂದು ನಿಂತರು. ನಡುವೆ ಹಾಳುಬಿದ್ದ ಬಾಯಿ.

"ಇದು ನಿನ್ನ ಪಾಲೋ ನಿಂಗಪ್ಪಾ, ಮೆತ್ಕೋ" ಅಂದರು ಮಾವ.

"ಹಿರ್ಯಾರ ಆಸ್ತಿ ಹಿರೇ ಮಗನ ಮನಿಗೇ ಸೇರಬೇಕಲ್ಲ ಅಣ್ಣಾ? ನೀನ ಮೆತ್ಕೋ."

"ಆಹಾ! ಹೊಲಾ ಹಂಚೂ ಮುಂದ ನೆಪ್ಪಾಗಲಿಲ್ಲ, ಈಗ ಹಿರೇತನ ನೆಪ್ಪಾತೇನು?"

ಹೀಗೇ ಹೊತ್ತು ನೆತ್ತಿಗೇರುವ ತನಕ. ಕಲಸಿದ ಮಣ್ಣು ಅಲ್ಲೇ ಒಣಗಿತು. ಆಮೇಲೆ ಇಬ್ಬರೂ ಊಟಕ್ಕೆ ಹೋದರು, ಏನೋ ದೊಡ್ಡ ಕೆಲಸ ಮಾಡಿ ದಣಿದವರಂತೆ.

ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ಹೇಳಿದೆ: "ಎರಡ್ ಮಾರು ಗ್ವಾಡ್ರೀ! ನೀವಾರ ಒಂದ್ ದಿನ ಹೋಗಿ ಮೆತ್ತಿ ಬರ್ರಿ. ನನ್ನ ಹೋರಿ ಹೋದಾವು." ಅವರು ರೊಟ್ಟಿ ಮುರಿಯುತ್ತ, "ಅಪ್ಪ ಅದಾನಲ್ಲ" ಅಂದರು. ಅಪ್ಪ ಇದ್ದಾನೆ, ಅದೇ ಅಲ್ಲವೇ ತೊಂದರೆ! ಅತ್ತೆಗೆ ಹೇಳಿದರೆ, "ಗಂಡಸರ ಮಾತಿಗೆ ನಾವ್ಯಾಕವ್ವಾ" ಅಂದರು. ಗಂಡಸರ ಮಾತಂತೆ! ಹೋರಿಗೆ ಹುಲ್ಲು ಹಾಕುವವಳು ನಾನು, ಸಗಣಿ ಬಾಚುವವಳು ನಾನು, ಗೋಡೆಯ ಮಾತು ಮಾತ್ರ ಗಂಡಸರದು.

ಹುಸೇನಸಾಬನ ಸಂಗತಿ ಇನ್ನೊಂದು ಬಗೆ. ಅಗಸಿಯ ಬಾಗಿಲು ಅವರ ಅಜ್ಜನ ಕಾಲದಿಂದ ಅವರ ಮನೆತನದ ಉಸ್ತುವಾರಿಯಲ್ಲಿತ್ತು. ಹೊತ್ತು ಮುಳುಗುವಾಗ ಎರಡು ಸಲ ಕೆಮ್ಮಿ, "ಯಾರರ ಹೊರಗ ಉಳದೀರೇನ್ರೋ!" ಎಂದು ಕೂಗಿ, ಬಾಗಿಲು ಮುಚ್ಚಿ, ಅಡ್ಡದಿಮ್ಮಿ ಸರಿಸಿ, ಅದನ್ನು ಅಲ್ಲಾಡಿಸಿ ನೋಡುತ್ತಿದ್ದ. ಅಲ್ಲಿಂದ ಒಂದು ಕಲ್ಲೆಸೆದರೆ ಬೀಳುವಷ್ಟು ದೂರದಲ್ಲಿ ಗೋಡೆಯೇ ಇಲ್ಲ! ಅದನ್ನು ಹೇಳಿದರೆ ಮುಖ ಸಣ್ಣ ಮಾಡಿಕೊಂಡು, "ನನ್ನ ಜಿಮ್ಮೇದಾರಿ ಬಾಗಲಾ ಯವ್ವಾ. ನಾ ಬಾಗಲಾ ಬಿಟ್ಟು ಗ್ವಾಡೀಗೆ ಮಣ್ಣು ಹಾಕಿದ್ರ ಅದೂ ನನ್ನ ಕೊಳ್ಳಿಗೇ ಬೀಳತೈತಿ" ಅಂದ. ಅವನ ಮಾತೂ ಸುಳ್ಳಲ್ಲ. ಆ ಕಟ್ಟಳೆಗೆ ಹೆದರಿ ಊರಿನ ಇನ್ನೊಬ್ಬ ನರಪಿಳ್ಳೆಯೂ ಅತ್ತ ಸಲಿಕೆ ತರಲಿಲ್ಲ.

ಕಡೆಗೆ ನನಗೆ ಜೊತೆಯಾದವಳು ಪಾರವ್ವ, ಸಣ್ಣ ಮಾವನ ಸೊಸೆ, ನನ್ನ ನೆಗೆಣ್ಣಿ. ಎರಡು ಮನೆಗಳ ನಡುವೆ ಮಾತಿರಲಿಲ್ಲ. ನಾವು ಮಾತಾಡುತ್ತಿದ್ದದ್ದು ಬಾವಿಯ ಹತ್ತಿರ. ಅವಳ ನಾಲಗೆ ನನ್ನದಕ್ಕಿಂತ ಒಂದು ಗೇಣು ಉದ್ದ. "ಗೌರವ್ವಕ್ಕಾ, ಈ ಇಬ್ರು ಸತ್ತು ಸುಣ್ಣಾದ ಮ್ಯಾಲೂ ಆ ಗ್ವಾಡಿ ಏಳಾಂಗಿಲ್ಲ. ಮಣ್ಣು ನಿಮ್ಮ ಕಡೀದು ಅರ್ಧ, ನಮ್ಮ ಕಡೀದು ಅರ್ಧ, ಒಂದ ಕುಣ್ಯಾಗ ಹಾಕಿ ಇಬ್ರೂ ತುಳಿಯೋಣು. ಯಾರ ಮಣ್ಣು ಯಾವದಂತ ಬ್ರಹ್ಮ ಬಂದ್ರೂ ಹೇಳಾಕಾಗೂದಿಲ್ಲ. ಆವಾಗ ಯಾರ ಪಾಲಂತ ಅಂತಾರ?" ಅಂದಳು.

ನನಗೂ ಅದು ಛಲೋ ಅನ್ನಿಸಿತು. ಗಂಡಸರು ಹೊಲಕ್ಕೆ ಹೋದ ಹೊತ್ತಿನಲ್ಲಿ ಸೀರೆ ಮೇಲೆ ಕಟ್ಟಿ ಕಂದಕಕ್ಕಿಳಿದೆವು. ಹೊಟ್ಟು ಬೆರೆಸಿ ಕೊಳೆಹಾಕಿದ ಮಣ್ಣನ್ನು ಮೊಣಕಾಲ ತನಕ ಹುಗಿದುಕೊಂಡು ತುಳಿದೆವು. ನಾರುವುದೆಂದರೆ ಎರಡು ದಿನ ನಮ್ಮ ಕೈಯ ರೊಟ್ಟಿ ನಮಗೇ ಸೇರಲಿಲ್ಲ. ಉಂಡೆ ಮಾಡಿ, ಅವಳು ಆ ಕಡೆಯಿಂದ ನಾನು ಈ ಕಡೆಯಿಂದ ಇಟ್ಟುಕೊಂಡು ಬಂದೆವು. ಮೊಣಕಾಲೆತ್ತರಕ್ಕೆ ಒಂದು ಸುತ್ತು. ಅದು ಒಣಗಿದ ಮೇಲೆ ನಡುವಿನೆತ್ತರಕ್ಕೆ ಇನ್ನೊಂದು. ಸೊಟ್ಟಗಿತ್ತು, ಉಬ್ಬಿತ್ತು, ಆದರೂ ಗೋಡೆ! ಇನ್ನೊಂದು ಸುತ್ತು ಎತ್ತಿ ಮೇಲೆ ಮುಳ್ಳು ಹಾಕಿದ್ದರೆ ಯಾವ ಕಳ್ಳನ ಅಪ್ಪನಿಂದಲೂ ಎತ್ತು ದಾಟಿಸಲು ಆಗುತ್ತಿರಲಿಲ್ಲ. ಅವತ್ತು ರಾತ್ರಿ ನಾನು ನೆಮ್ಮದಿಯಾಗಿ ಮಲಗಿದೆ.

ಮರುದಿನ ಹಿರಿಯರಿಬ್ಬರಿಗೂ ಸುದ್ದಿ ಮುಟ್ಟಿತು. ಮೊದಲು ಓಡಿ ಬಂದವರು ಸಣ್ಣ ಮಾವ, ಅವರ ಹಿಂದೆ ನಮ್ಮ ಮಾವ. ಇಬ್ಬರೂ ಗೋಡೆಯನ್ನು ಹಾವು ಕಂಡಂತೆ ನೋಡಿದರು.

"ಮೊದಲನೇ ಉಂಡಿ ಯಾರಿಟ್ರಿ?" ಮಾವ ಕೇಳಿದರು.

"ಇಬ್ರೂ ಕೂಡೇ ಇಟ್ಟೀವ್ರಿ" ಅಂದೆ.

"ಕೂಡೇ ಹೆಂಗ ಇಡಾಕ ಬರತೈತಿ? ಒಬ್ಬಾಕಿ ಕೈ ಮೊದಲ ತಗದಿರತಾಳ. ಮನಿ ಹೆಣಮಕ್ಕಳು ಇಟ್ರ ಮನಿಯವರು ಇಟ್ಟಂಗ. ನಾಳಿ ಊರ ಮಂದಿ ನಮ್ಮ ಮ್ಯಾಲೆ ಹೊರಿಸ್ತಾರ."

"ನಮ್ಮ ಮ್ಯಾಲೂ ಹೊರಿಸ್ತಾರ ಅಣ್ಣಾ" ಅಂದರು ಸಣ್ಣ ಮಾವ. "ಇದು ಇರೂದು ಬ್ಯಾಡ."

"ಹೌದೋ, ನೀ ಅನ್ನೂದು ಖರೇ ಐತಿ."

ಹುಟ್ಟಿದಾಗಿನಿಂದ ಒಂದು ಮಾತಿಗೂ ಕೂಡದ ಅಣ್ಣತಮ್ಮಂದಿರು ಅವತ್ತು ಕೂಡಿದರು. ಅವರು ಹಾರೆ ತಂದರು, ಇವರು ಸಲಿಕೆ ತಂದರು. ಒಬ್ಬರಿಗೊಬ್ಬರು "ಸಾವಕಾಶ, ಕಾಲ ಮ್ಯಾಲೆ ಬಿದ್ದೀತು" ಎಂದು ಹೇಳಿಕೊಳ್ಳುತ್ತ ಹೊತ್ತೇರುವುದರೊಳಗೆ ನಮ್ಮ ಗೋಡೆಯನ್ನು ನೆಲಸಮ ಮಾಡಿದರು. ಪಾರವ್ವ ಬಾಯಿಗೆ ಬಂದಂತೆ ಅಂದಳು. ನಾನು ಕಂದಕದ ದಂಡೆಯ ಮೇಲೆ ಕೂತು, ಈ ಮನೆಗೆ ನನ್ನನ್ನು ಕೊಟ್ಟ ಅಪ್ಪನನ್ನು ಮನಸ್ಸಿನಲ್ಲೇ ಬೈದೆ. ಬಿದ್ದ ಗೋಡೆಯ ಬಾಯಿಗೆ ಅಡ್ಡಲಾಗಿ ಹಿರಿಯರಿಬ್ಬರೂ ಕೂಡಿ ಒಂದು ಜಾಲಿಕಂಟಿ ಎಳೆದಿಟ್ಟು ಹೋದರು. ಮುಳ್ಳಿಗೆ ಕಟ್ಟಳೆಯಿಲ್ಲವಲ್ಲ!

ಮೃಗಶಿರಾ ಮಳೆ ಹದವಾಗಿ ಬಿತ್ತು. ಮಾವ ಕೂರಿಗೆ ಸಜ್ಜು ಮಾಡಿದರು. ಹೋರಿಗಳ ಕೋಡಿಗೆ ಎಣ್ಣೆ ಸವರಿ, ಇನ್ನೇನು ನಾಳೆ ನೊಗ ಇಡುವುದು ಅನ್ನುವ ದಿನ ಬೆಳಗ್ಗೆ ಎದ್ದು ಕೊಟ್ಟಿಗೆಗೆ ಹೋದರೆ ಗೂಟ ಎರಡೂ ಖಾಲಿ. ಹಗ್ಗ ಕೊಯ್ದಿದ್ದರು. ನಾನು ಚೀರಿದ್ದು ಆಚೆ ಓಣಿಗೆ ಕೇಳಿಸಿತಂತೆ. ಹಸಿ ನೆಲದ ಮೇಲೆ ಹೆಜ್ಜೆಗಳು ಒತ್ತಿದಂತೆ ಮೂಡಿದ್ದವು. ಸಾರಂಗನ ಮುಂಗಾಲಿನ ಒಂದು ಗೊರಸು ಸ್ವಲ್ಪ ಒಳಗೆ ತಿರುಗಿತ್ತು. ನೋಡಿದ ಕೂಡಲೇ ಗುರುತು ಹತ್ತಿತು. ಹೆಜ್ಜೆ ನೆಟ್ಟಗೆ ಆ ಎರಡು ಮಾರಿನ ಬಾಯಿಗೆ ಹೋಗಿ, ಬದಿಗೆ ಸರಿಸಿಟ್ಟಿದ್ದ ಮುಳ್ಳಿನ ಕಂಟಿ ದಾಟಿ, ಕಂದಕ ಇಳಿದು ಹತ್ತಿ ಹೊರಟುಹೋಗಿದ್ದವು.

ಊರಿನ ಗಂಡಸರೆಲ್ಲ ಬಡಿಗೆ ಹಿಡಿದು ಕೂಡಿದರು. ಆ ಬಾಯಿಯಲ್ಲೇ ಇಳಿದು ಓಡಿದರೆ ಸಮೀಪ. ಇಲ್ಲ! ಎಲ್ಲರೂ ಅಗಸಿಗೆ ಹೋಗಿ ನಿಂತರು. ಹುಸೇನಸಾಬ ಬಂದು ದಿಮ್ಮಿ ಸರಿಸಿ, ಬಾಗಿಲು ತೆರೆದು ಬಿಟ್ಟ ಮೇಲೆ ಹೊರಟರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂದು ಗಾದೆ ಹೇಳುತ್ತಾರೆ. ನಮ್ಮ ಊರು ಅದನ್ನೂ ಮೀರಿಸಿತು. ಹೆಜ್ಜೆ ಹಿಡಿದು ಹೋದವರು ಗಡಿಯ ಹತ್ತಿರದ ಕಲ್ಲುನೆಲದಲ್ಲಿ ಹೆಜ್ಜೆ ಕಳೆದುಕೊಂಡು, ಮಧ್ಯಾಹ್ನಕ್ಕೆ ಜೋಲು ಮೋರೆ ಹೊತ್ತು ತಿರುಗಿ ಬಂದರು.

ಬಾಡಿಗೆ ಎತ್ತು ಬೇಡಿ ತಂದು ಬಿತ್ತುವುದರೊಳಗೆ ಹದ ಹೋಯಿತು. ಜೋಳ ಅಲ್ಲೊಂದು ಇಲ್ಲೊಂದು ಎದ್ದಿತು. ಇಷ್ಟಾದ ಮೇಲಾದರೂ ಗೋಡೆ ಎದ್ದಿತು ಅಂದುಕೊಂಡಿರೇನು? ಇಲ್ಲ. ಈಗ ಹೊಸ ತಕರಾರು. ಈಗ ಯಾರು ಮಣ್ಣು ಹಾಕಿದರೂ, ಮೊದಲೇ ಹಾಕಬೇಕಿದ್ದವರು ಅವರೇ ಎಂದು ಒಪ್ಪಿಕೊಂಡಂತಾಗುತ್ತದಂತೆ! ಹೋರಿ ಹೋದ ಪಾಪ ತಲೆಗೆ ಬರುತ್ತದಂತೆ! ಹಾಗಾಗಿ ಇಬ್ಬರೂ ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟರು. ನಾನು ಖಾಲಿ ಗೂಟದ ಹತ್ತಿರ ಕೂತು ಅತ್ತರೆ ಅತ್ತೆ, "ದೀಪ ಹಚ್ಚೂ ಹೊತ್ತಿನ್ಯಾಗ ಅಳಬಾರದವ್ವಾ" ಅಂದರು. ಹಾಗಾದರೆ ಯಾವ ಹೊತ್ತಿನಲ್ಲಿ ಅಳಲಿ? ಹಗಲೆಲ್ಲ ಕೆಲಸವೇ ಇತ್ತಲ್ಲ.

ನಾಗರ ಪಂಚಮಿ ಮುಗಿದ ಮೇಲೆ ಹುಸೇನಸಾಬ ಗಡಿಯಾಚೆಯ ಊರಿನಲ್ಲಿದ್ದ ತಂಗಿಯ ಮನೆಗೆ ಹೋಗಿದ್ದ. ಬಂದವನು ಚೀಲವನ್ನೂ ಇಳಿಸದೆ ನೇರ ನಮ್ಮ ಅಂಗಳಕ್ಕೆ ಬಂದ. "ಯವ್ವಾ ಗೌರವ್ವಾ, ನಿನ್ನ ಕೆಂಚನ್ನ ನೋಡಿ ಬಂದೆ. ಹರದ ಕಿವಿ, ಅದ ಹೋರಿ. ಒಬ್ಬ ಒಕ್ಕಲಿಗ ಸಂತ್ಯಾಗ ಕೊಂಡಾನ." ನಾನು ಕೈಯಲ್ಲಿದ್ದ ಮೊರ ಕೆಳಗೆ ಬಿಟ್ಟೆ. "ಸಾರಂಗ?" ಅಂದೆ. ಅವನು ತಲೆ ತಗ್ಗಿಸಿದ. "ಅದರ ಸುದ್ದಿ ಗೊತ್ತಾಗಲಿಲ್ಲವ್ವಾ."

ನಾವು ಹೋದೆವು: ಮಾವ, ನಮ್ಮವರು, ಸಾಕ್ಷಿಗೆ ಹುಸೇನಸಾಬ, ಗೋಡೆಯ ನೆರೆಪಾಲಿನವರೂ ಬರಬೇಕೆಂಬ ರೂಢಿಗೆ ಸಣ್ಣ ಮಾವ. ನನ್ನನ್ನು ಕರೆದೊಯ್ದದ್ದು ಯಾಕೆಂದರೆ ಹೋರಿ ನನ್ನ ಧ್ವನಿಗೆ ಬರುತ್ತದೆ, ಅದೇ ದೊಡ್ಡ ಗುರುತು. ಆ ಊರಿನ ಪಂಚರು ಬೇವಿನ ಗಿಡದ ಕೆಳಗೆ ಕೂತಿದ್ದರು. ಹೋರಿ ಕೊಂಡವನೂ ಒಳ್ಳೆಯ ಮನುಷ್ಯನೇ. "ನಿಮ್ಮದು ಖರೇ ಆದ್ರ ಒಯ್ರಿ, ನನ್ನ ನಶೀಬ ಅನ್ಕೋತೀನಿ" ಅಂದ. ನಾನು ದೂರದಲ್ಲಿ ನಿಂತು "ಕೆಂಚಾ, ಬಾರೋ ಬಾ" ಅಂದೆ. ಗೂಟ ಕಿತ್ತುಕೊಂಡು ಬಂತು ನೋಡಿ! ಬಂದು ನನ್ನ ತೋಳಿನ ಕೆಳಗೆ ಮುಸುಡಿ ತೂರಿಸಿತು. ನೋಡುತ್ತ ನಿಂತಿದ್ದ ಹೆಣ್ಣುಮಕ್ಕಳು ಕಣ್ಣೊರೆಸಿಕೊಂಡರು.

"ಹೋರಿ ಈ ತಂಗೀದು, ಅದರಾಗ ಸಂಶೆ ಇಲ್ಲ" ಅಂದರು ಪಂಚರಲ್ಲಿ ಹಿರಿಯರು. ಆದರೆ ಅಷ್ಟಕ್ಕೇ ಮುಗಿಯುವಂತಿರಲಿಲ್ಲ. ಎತ್ತನ್ನು ತಾವೇ ಮಾರಿಕೊಂಡು, ಆಮೇಲೆ ಕಳುವಾಯಿತೆಂದು ಬೊಬ್ಬೆ ಹೊಡೆಯುವ ಚಾಲಾಕಿಗಳು ಎರಡೂ ಸೀಮೆಯಲ್ಲಿದ್ದರು. ಅದಕ್ಕೆ ಗಡಿಯ ಊರುಗಳಲ್ಲಿ ಒಂದು ರೂಢಿ. ಯಾವ ಗೋಡೆ ದಾಟಿ ದನ ಹೋಯಿತೋ, ಆ ಗೋಡೆಯ ಪಾಲುದಾರ ದೇವರ ಭಂಡಾರ, ಅಂದರೆ ಅರಿಸಿನಪುಡಿ, ಮುಟ್ಟಿ ಆಣೆ ಮಾಡಬೇಕು: ನನ್ನ ಗೋಡೆ ಬಿದ್ದಿತ್ತು, ಅಲ್ಲಿಂದಲೇ ಕಳುವಾಯಿತು, ಮಾರಿದ್ದಲ್ಲ ಅಂತ. ತಟ್ಟೆಯಲ್ಲಿ ಭಂಡಾರ ತಂದಿಟ್ಟರು.

"ಬರ್ರಿ, ಯಾರ ಗ್ವಾಡಿ ಅದು?" ಅಂದರು ಹಿರಿಯರು.

ಮಾವ ಗಿಡದ ಟೊಂಗೆ ನೋಡಿದರು. "ನಮ್ಮದಲ್ರಿ" ಅಂದರು.

"ನಮ್ಮದೂ ಅಲ್ರಿ" ಅಂದರು ಸಣ್ಣ ಮಾವ.

"ಮತ್ತ ಹೋರಿ ರೆಕ್ಕಿ ಹಚ್ಕೊಂಡು ಹಾರಿ ಬಂತೇನ್ರಪಾ?"

ಕೂತವರೆಲ್ಲ ನಕ್ಕರು. ಹುಸೇನಸಾಬ ಹಣೆ ಹಣೆ ಬಡಿದುಕೊಂಡ. "ಶಂಕ್ರಪ್ಪಾ, ಒಂದ್ ಮಾತಪಾ! ಹೋರಿ ಕಣ್ಣ ಮುಂದ ನಿಂತೈತಿ" ಅಂದ. ಮಾವ ಮತ್ತೆ ಟೊಂಗೆಯನ್ನೇ ನೋಡಿದರು. ನಮ್ಮವರು ಅಪ್ಪನ ಮುಖ ನೋಡಿದರು, ಅಷ್ಟೇ. ಹಿರಿಯರು, "ಆಣಿ ಇಲ್ಲಂದ್ರ ಹೋರಿ ಇಲ್ಲ. ಹಗ್ಗಾ ಹಿಡ್ಕೊಳ್ಳೋ ತಮ್ಮಾ" ಎಂದು ಕೊಂಡವನಿಗೆ ಹೇಳಿದರು. ಅವನು ಹಗ್ಗ ಎಳೆದ. ಕೆಂಚ ಕಾಲೂರಿ ನಿಂತು ನನ್ನ ಕಡೆ ಕತ್ತು ತಿರುಗಿಸಿ ಕೂಗಿತು.

ಆಗ ನನಗೆ ಏನಾಯಿತೋ! ಮುಸುಕು ಜಾರಿದ್ದೂ ಗೊತ್ತಾಗಲಿಲ್ಲ. ನಡೆದು ಹೋಗಿ ಭಂಡಾರದಲ್ಲಿ ಕೈ ಊರಿದೆ. "ಗ್ವಾಡಿ ನಂದ್ರೀ. ಆ ಎರಡ್ ಮಾರು ನನ್ನ ಪಾಲು. ಮಣ್ಣು ಹಾಕಿದಾಕಿ ನಾನು. ಅದು ಬಿದ್ದಿತ್ತು, ಅಲ್ಲಿಂದಲೇ ನನ್ನ ಹೋರಿ ಕಳುವಾದವು. ಸುಳ್ಳಾದ್ರ ನನ್ನ ಕೈ ಸೇದಿಹೋಗ್ಲಿ."

ನಮ್ಮ ಮಾವ ಧಡಕ್ಕನೆ ಎದ್ದು ನಿಂತರು. "ಏನಂದಿ? ನಿಂದು? ನಿನ್ನೆ ಮೊನ್ನೆ ಬಂದಾಕಿ, ನಮ್ಮಜ್ಜ ಕಟ್ಟಿದ ಗ್ವಾಡಿ ನಿಂದು ಹೆಂಗಾಕ್ಕೈತಿ? ಅದು ನಮ್ಮ ಮನಿ ಗ್ವಾಡಿ! ನಂದು!"

"ನಿಂದು ಹೆಂಗಾತೋ ಅಣ್ಣಾ?" ಸಣ್ಣ ಮಾವ ತಲೆಯ ಪಟಗ ಸರಿಮಾಡಿಕೊಳ್ಳುತ್ತ ಜಿಗಿದೆದ್ದರು. "ನನ್ನ ಹಿತ್ತಲಿಗೆ ಹತ್ತಿ ಐತಿ ಅದು. ನಂದು!"

ಇಬ್ಬರೂ ಒಮ್ಮೆಲೇ ತಟ್ಟೆಗೆ ಕೈ ಹಾಕಿದರು. ಭಂಡಾರ ಚೆಲ್ಲಿ ಮಾವನ ಧೋತರವೆಲ್ಲ ಹಳದಿಯಾಯಿತು. ನಗಬೇಕೋ, ತಲೆ ಚಚ್ಚಿಕೊಳ್ಳಬೇಕೋ ನನಗೆ ತಿಳಿಯದಾಯಿತು. ಪಂಚರ ಹಿರಿಯರು ನಕ್ಕು ನಕ್ಕು ಕೆಮ್ಮಿದರು. "ಒಬ್ಬರ ಆಣಿ ಕೇಳಿದ್ರ ಮೂರು ಮಂದಿ ಮಾಡ್ಯಾರ. ಬಿಡ್ರಪಾ, ಸಾಕು" ಎಂದು ಹಗ್ಗವನ್ನು ನನ್ನ ಕೈಗೆ ಕೊಟ್ಟರು. ಹಿಂತಿರುಗುವ ದಾರಿಯುದ್ದಕ್ಕೂ ನಾನು ಕೆಂಚನ ಜೊತೆ ಮುಂದೆ. ಹಿಂದೆ ಅವರಿಬ್ಬರೂ 'ನಂದು ನಂದು' ಎನ್ನುತ್ತ.

ಮರುದಿನವೇ ಎರಡೂ ಮನೆಯವರು ಕಂದಕಕ್ಕಿಳಿದರು. ಯಾರ ಮಣ್ಣು ಹೆಚ್ಚು ಬೀಳುತ್ತದೆಂದು ಪೈಪೋಟಿ. ಉಂಡೆ ಹೊರಲು ನನ್ನನ್ನೂ ಪಾರವ್ವನನ್ನೂ ಕರೆದರು, ನಾವು ಬರುವುದಿಲ್ಲವೆಂದೆವು. ಮಳೆ ಬಿಡುವು ಕೊಟ್ಟಿತ್ತು. ಸುತ್ತಿನ ಮೇಲೆ ಸುತ್ತು ಬಂದು, ಊರಿನ ಉಳಿದ ಗೋಡೆಗಿಂತ ಒಂದು ಮೊಳ ಎತ್ತರಕ್ಕೇ ಎದ್ದಿತು. ಮೇಲೆ ಮುಳ್ಳು ಹೊದಿಸಿ ಮುಗಿಸಿದ ದಿನ ಸಂಜೆ ಮಾವ ಕೊಟ್ಟಿಗೆಗೆ ಬಂದರು. ಕೆಂಚ ಮೇವು ಮುಟ್ಟದೆ ಸಾರಂಗನ ಗೂಟದ ಕಡೆಗೆ ಮುಖ ಮಾಡಿ ನಿಂತಿತ್ತು. ಬಂದಾಗಿನಿಂದ ಅದು ಹಾಗೇ.

"ಗ್ವಾಡಿ ಕಲ್ಲಾಗೇತಿ ನೋಡವ್ವಾ" ಅಂದರು ಮಾವ. ಅವರ ದನಿಯಲ್ಲಿ ಹೆಮ್ಮೆಯಿತ್ತು. "ಇನ್ನ ಯಾ ಮಗನೂ ಒಂದು ಎತ್ತು ಒಯ್ಯಾಂಗಿಲ್ಲ."

ದನ ತಾನು ಹೋದ ದಾರಿಯಲ್ಲೇ ತಿರುಗಿ ಬರುತ್ತದೆ ಎಂಬುದು ಒಕ್ಕಲುಮನೆಯ ಕೂಸಿಗೂ ಗೊತ್ತು. "ಹೌದ್ರಿ ಮಾವಾ" ಅಂದೆ. "ಇನ್ನ ಸಾರಂಗ ಹಗ್ಗ ಹರಕೊಂಡು ತಾನಾಗೇ ಬಂದ್ರೂ ಒಳಗ ಬರಾಕ ದಾರಿ ಇಲ್ಲ."

ಮಾವ ಹೊರಗೆ ಹೋದರು. ಹೊತ್ತು ಮುಳುಗುತ್ತಿತ್ತು; ಹುಸೇನಸಾಬ ಎರಡು ಸಲ ಕೆಮ್ಮಿ ಅಗಸಿಯ ಬಾಗಿಲಿಗೆ ಕೈ ಹಚ್ಚಿದ್ದ. "ಸ್ವಲ್ಪ ತಡೀಪಾ, ಹುಸೇನಸಾಬ" ಎಂದು ಮಾವ ಕೂಗಿದ್ದು ನನಗೆ ಕೊಟ್ಟಿಗೆಯ ತನಕ ಕೇಳಿಸಿತು. ಮಾವ ಅಗಸಿ ದಾಟಿ ಹೊರಗೆ ಹೋಗಿ, ಗದಗಿನ ದಾರಿಯ ಕಡೆ ನೋಡುತ್ತ, ಕತ್ತಲಾಗುವ ತನಕ ನಿಂತರು.